ಕೀಲಿಕೈ ಅವ್ವನ ಹತ್ತಿರ, ಉತಾರ ನನ್ನ ಹೆಸರಲ್ಲಿ

'ಹಳ್ಳಿ ಮನೆಗಳಲ್ಲಿ ಅವ್ವ, ಅತ್ತೆಯರದ್ದೇ ದರ್ಬಾರು. ಮತ್ತೆ ಮದುವೆಯಲ್ಲಿ ಹೆಂಗಸರಿಗೆ ಅಧಿಕಾರ ಇಲ್ಲ ಅಂತ ಯಾಕೆ ಹೇಳ್ತಾರೆ?' ಅಂತ ಕೇಳಿದ್ದೀರಿ. ನಮ್ಮದು ವಿಜಯಪುರ ಜಿಲ್ಲೆ, ಇಂಡಿ ಕಡೆ. ನಮ್ಮ ಮನೆಯದ್ದೇ ಹೇಳ್ತೀನಿ.

ಅವ್ವನ ಸೊಂಟದಲ್ಲಿ ಸದಾ ಕೀಲಿಕೈ ಗೊಂಚಲು. ಜೋಳ ಎಷ್ಟು ಮಾರಬೇಕು, ಯಾರ ಮನೆ ಹೆಣ್ಣು ತರಬೇಕು, ಎಲ್ಲ ಅವಳದ್ದೇ ಮಾತು. ಈಗ ರೇಷನ್ ಕಾರ್ಡಿನಲ್ಲೂ ಅವಳೇ ಯಜಮಾನಿ. ಗೃಹಲಕ್ಷ್ಮಿಯ 2000 ರೂಪಾಯಿ ಅವಳ ಖಾತೆಗೇ ಬರುತ್ತದೆ. ಆದರೆ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅವಳ ಹೆಸರಿಲ್ಲ.

ಅಕ್ಕನದೂ ಇಲ್ಲ. ಅವಳ ಮದುವೆ ಆಗಿದ್ದು 1992ರಲ್ಲಿ. 1994ರಲ್ಲಿ ನಮ್ಮ ರಾಜ್ಯ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಆದರೆ ಅಷ್ಟೊತ್ತಿಗೆ ಮದುವೆಯಾದವರನ್ನು ಬಿಟ್ಟಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದ ಮೇಲೆ ಅವರಿಗೂ ಪಾಲು ಬಂತು. ಅಪ್ಪ ತೀರಿಕೊಂಡಿದ್ದು 2011ರಲ್ಲಿ. ಅಂದರೆ ಅಕ್ಕನಿಗೆ ನನ್ನಷ್ಟೇ ಹಕ್ಕಿತ್ತು. ನಾನೇ ಅವ್ವನನ್ನೂ ಅಕ್ಕನನ್ನೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ, ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಮಾಡಿಸಿದೆ. ಬರುವಾಗ ಅಕ್ಕನಿಗೆ ಒಂದು ಇಳಕಲ್ ಸೀರೆ, ಖಣ. ಎಲ್ಲರ ಮನೆಯಲ್ಲೂ ಹಂಗೇ ಅಲ್ವಾ ಅಂದುಕೊಂಡೆ.

ಎರಡು ವರ್ಷಕ್ಕೆ ಅಕ್ಕ ಗಂಡನ ಜೊತೆ ಜಗಳವಾಗಿ ಒಂದು ಚೀಲ ಹಿಡಿದು ಬಂದಳು. ಇದ್ದಷ್ಟು ದಿನ ಊಟವಾದ ಕೂಡಲೇ ತನ್ನ ತಾಟು ತಾನೇ ತೊಳೆದಿಟ್ಟಳು. ತವರಿನಲ್ಲಿ ಹಿಂದೆಂದೂ ಹಾಗೆ ಮಾಡಿದವಳಲ್ಲ. ಇನ್ನೊಂದು ರೊಟ್ಟಿ ಅಂದರೆ ಸಾಕು ಅನ್ನೋಳು. ಐದನೇ ದಿನ ಯಾರಿಗೂ ಹೇಳದೆ ಬಸ್ ಹತ್ತಿ ವಾಪಸ್ ಹೋದಳು. 'ಬಂದೆಯಾ? ಇನ್ನೆಲ್ಲಿಗೆ ಹೋಗ್ತೀ' ಅಂತ ಅಕ್ಕನ ಗಂಡ ನಕ್ಕರಂತೆ.

ಎಷ್ಟೇ ಜೋರು ಹೆಂಗಸಾಗಿರಲಿ, ಬಿಟ್ಟು ಹೋದರೆ ಇವಳಿಗೆ ನಿಲ್ಲೋಕೆ ಜಾಗ ಇಲ್ಲ ಅಂತ ಗಂಡನಿಗೆ ಗೊತ್ತಿದ್ದರೆ ಜಗಳ ಅಲ್ಲಿಗೇ ಮುಗೀತು. ಕೀಲಿಕೈ ಗೊಂಚಲು ಅಲ್ಲಿ ಕೆಲಸಕ್ಕೆ ಬರೋದಿಲ್ಲ. ಪಾಲು ಕೇಳೋಣ ಅಂದರೆ ನಾಗರ ಪಂಚಮಿಗೆ ತವರಿಗೆ ಕರೆಯೋರೂ ಇರೋದಿಲ್ಲ ಅನ್ನೋ ಭಯ.

ಹೋದ ವರ್ಷ ಪಂಚಮಿಗೆ ಬಂದಾಗ, ಲಿಂಬೆ ತೋಟದ ಒಂದು ಎಕರೆ ನಿನ್ನ ಹೆಸರಿಗೆ ಮಾಡಿಸ್ತೀನಿ ಅಂದೆ. ಅಕ್ಕ ಉಂಡಿ ಕಟ್ಟುತ್ತಿದ್ದವಳು ತಲೆ ಎತ್ತಿ, 'ನಿನ್ನ ಹೇಣ್ತೀನ ಒಂದ್ ಮಾತು ಕೇಳೀಯೇನೋ ತಮ್ಮಾ?' ಅಂದಳು.

ಕೇಳಿರಲಿಲ್ಲ.