ಗೋಡೆ ದಾಟಿದ ವರದಿಗಾರ

ಪ್ರಿಯ ಓದುಗರೇ,

‘ದಿ ಮೆನ್ ಹೂ ಸ್ಟೇರ್ ಅಟ್ ಗೋಟ್ಸ್’ (2009) ಚಿತ್ರದ ಕೊನೆಯಲ್ಲಿ ವರದಿಗಾರ ಬಾಬ್ ವಿಲ್ಟನ್ ಗೋಡೆಯತ್ತ ಓಡಿ ಅದನ್ನು ತೂರಿಕೊಂಡೇ ಹೋಗುವುದು ನಿಮಗೆ ಸರಿಬಂದಿಲ್ಲ. ಅಮೆರಿಕದ ಸೇನೆಯ ಅತೀಂದ್ರಿಯ ಪ್ರಯೋಗಗಳನ್ನು ಅಷ್ಟು ಹೊತ್ತು ನಗೆಗೀಡು ಮಾಡಿದ ಚಿತ್ರ ಕಡೆಗೆ ಪವಾಡಕ್ಕೆ ಶರಣಾಯಿತೇ ಎಂದು ಕೇಳಿದ್ದೀರಿ. ಆ ದೃಶ್ಯವನ್ನು ನಾನು ಬೇರೆ ಬಗೆಯಲ್ಲಿ ಅರ್ಥಮಾಡಿಕೊಂಡಿದ್ದೇನೆ.

ಚಿತ್ರದ ಮೊದಲ ದೃಶ್ಯವನ್ನು ನೆನೆಯಿರಿ. ಜನರಲ್ ಒಬ್ಬ ತನ್ನ ಕಚೇರಿಯಲ್ಲಿ ಎದ್ದುನಿಂತು ಗೋಡೆಯತ್ತ ಓಡುತ್ತಾನೆ, ಡಿಕ್ಕಿ ಹೊಡೆದು ಬೀಳುತ್ತಾನೆ. ಇದು ಕಟ್ಟುಕಥೆಯಲ್ಲ. 1980ರ ದಶಕದ ಆರಂಭದಲ್ಲಿ ಸೇನೆಯ ಗುಪ್ತಚರ ವಿಭಾಗದ ಮುಖ್ಯಸ್ಥರಾಗಿದ್ದ ಮೇಜರ್ ಜನರಲ್ ಆಲ್ಬರ್ಟ್ ಸ್ಟಬಲ್‌ಬೈನ್ ಹೀಗೆ ಗೋಡೆ ದಾಟಲು ಹೋಗಿ ಮೂಗಿಗೆ ಪೆಟ್ಟು ಮಾಡಿಕೊಂಡದ್ದನ್ನು ಪತ್ರಕರ್ತ ಜಾನ್ ರಾನ್ಸನ್ 2004ರ ತಮ್ಮ ಪುಸ್ತಕದ ಆರಂಭದಲ್ಲೇ ಬರೆದಿದ್ದಾರೆ. ಆ ಪುಸ್ತಕವೇ ಚಿತ್ರಕ್ಕೆ ಆಧಾರ. ಬಾಬ್ ಪಾತ್ರದ ಹಿಂದಿರುವವರೂ ರಾನ್ಸನ್ ಅವರೇ. ಆದರೆ ಗೋಡೆ ದಾಟಿ ಗೆದ್ದ ವರದಿಗಾರ ಪುಸ್ತಕದಲ್ಲಿಲ್ಲ. ಸೋಲನ್ನು ವಾಸ್ತವದಿಂದ ಪಡೆದ ಚಿತ್ರ ಗೆಲುವನ್ನು ಮಾತ್ರ ತಾನೇ ಕಲ್ಪಿಸಿಕೊಂಡದ್ದು ಏಕೆ?

ಅದಕ್ಕೆ ತುಸು ಮೊದಲು ಬರುವ ಪ್ರಸಂಗದಲ್ಲಿ ಇದಕ್ಕೆ ಉತ್ತರವಿದೆ. ಇರಾಕ್‌ನಲ್ಲಿ ಕೈದಿಗಳು ಪಡುತ್ತಿದ್ದ ಹಿಂಸೆಯನ್ನು ಕಣ್ಣಾರೆ ಕಂಡ ಬಾಬ್ ಊರಿಗೆ ಮರಳಿ ಎಲ್ಲವನ್ನೂ ಬರೆಯುತ್ತಾನೆ. ಟಿವಿಯವರು ಅದರಿಂದ ಹೆಕ್ಕಿಕೊಳ್ಳುವುದು, ಬಾರ್ನಿ ಎಂಬ ನೇರಳೆ ಡೈನೋಸಾರ್‌ನ ಮಕ್ಕಳ ಹಾಡನ್ನು ಕೈದಿಗಳಿಗೆ ಎಡೆಬಿಡದೆ ಕೇಳಿಸಿದರು ಎಂಬ ಒಂದೇ ಸಂಗತಿಯನ್ನು. ಅದನ್ನೂ ಅವರು ತಮಾಷೆಯ ಸುದ್ದಿಯಾಗಿ ಹೇಳಿ ಮುಗಿಸುತ್ತಾರೆ. ಇದೂ ನಿಜ ಜೀವನದಿಂದಲೇ ಬಂದದ್ದು. 2003ರಲ್ಲಿ ಈ ಹಾಡಿನ ವಿಷಯ ಹೊರಬಿದ್ದಾಗ ಮಾಧ್ಯಮಗಳು ನಕ್ಕು ಮುಂದೆ ಸಾಗಿದವು. ಆ ನಗುವಿನಡಿ ಚಿತ್ರಹಿಂಸೆಯೇ ಮರೆಯಾಯಿತೆಂಬ ಕಳವಳವನ್ನು ರಾನ್ಸನ್ ಪುಸ್ತಕದಲ್ಲಿ ವಿಸ್ತಾರವಾಗಿ ತೋಡಿಕೊಂಡಿದ್ದಾರೆ; ಅದೇ ಆ ಪುಸ್ತಕದ ಅತ್ಯಂತ ಗಟ್ಟಿಯಾದ ಭಾಗವೆಂದು ನನ್ನ ಎಣಿಕೆ.

ಈ ಎರಡು ದೃಶ್ಯಗಳನ್ನು ಬಿಡಿಸದೆ ನೋಡಬೇಕು. ಕಂಡ ಸತ್ಯವನ್ನು ಲೋಕಕ್ಕೆ ನಂಬಿಸಲಾರದೆ ಹೋದ ವರದಿಗಾರ, ತಾನು ಅನುಮಾನದಿಂದ ನೋಡುತ್ತಿದ್ದವರ ನಂಬಿಕೆಯನ್ನೇ ಅಪ್ಪಿಕೊಂಡು ಗೋಡೆಯತ್ತ ಓಡುತ್ತಾನೆ. ಕಥೆ ಹೇಳುತ್ತಿರುವವನೂ ಅವನೇ ಆದ್ದರಿಂದ, ಗೋಡೆ ದಾಟಿದ್ದಕ್ಕೆ ಅವನ ಮಾತಲ್ಲದೆ ಬೇರೆ ಸಾಕ್ಷಿಯಿಲ್ಲ. ನನ್ನ ಪಾಲಿಗೆ ಅದು ಪವಾಡವಲ್ಲ, ಒಬ್ಬ ಪತ್ರಕರ್ತನ ಸೋಲು. ನಿಮ್ಮ ಆಕ್ಷೇಪದಲ್ಲಿ ಒಂದು ಮಾತನ್ನಂತೂ ಒಪ್ಪುತ್ತೇನೆ: ನಿರ್ದೇಶಕ ಗ್ರಾಂಟ್ ಹೆಸ್ಲೊವ್ ಆ ಓಟವನ್ನು ಎಷ್ಟು ಉಲ್ಲಾಸದಿಂದ ಚಿತ್ರಿಸಿದ್ದಾರೆಂದರೆ, ಅದರ ಹಿಂದಿನ ನೋವು ಬಹುಪಾಲು ಪ್ರೇಕ್ಷಕರನ್ನು ಮುಟ್ಟುವುದೇ ಇಲ್ಲ.

— ಸಂಪಾದಕ