87 ಕಲಬೆರಕೆ ಅಲ್ಲ ಕಣಪ್ಪ

ನಿನ್ನ ಮೆಸೇಜ್ ಬಂದಾಗ ನಾನು ಅಮೆರಿಕದಿಂದ ಊರಿಗೆ ಬಂದು, ಬೆಂಗಳೂರಿನ ಹನುಮಂತನಗರದಲ್ಲಿ, ನಿಮ್ಮ ಮನೆಗೆ ಎದುರಾಗಿ, ನಮ್ಮ ವರಾಂಡದಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. “ಅಣ್ಣಾ, ಕೊಲಂಬಸ್‌ಗೆ ಬಂದು ನಾಲ್ಕು ತಿಂಗಳಾಯ್ತು. ಪೆಟ್ರೋಲಿಗೇ ತಿಂಗಳಿಗೆ 270 ಡಾಲರ್ ಹೋಗ್ತಿದೆ. ಅಮೆರಿಕದಲ್ಲಿ ಪೆಟ್ರೋಲ್ ನೀರಿನ ಹಾಗೆ ಅಂತ ಎಲ್ಲರೂ ಹೇಳಿದ್ರು. ನನ್ನ ಗಾಡಿ ಮೈಲೇಜೇ ಕೊಡ್ತಿಲ್ಲ, ಏನ್ ಮಾಡ್ಲಿ?” ಅಂತ ಕೇಳಿದ್ದೀಯ. ನಿನ್ನ ಥರ ಕೇಳುವವರು ತುಂಬಾ ಜನ ಇದ್ದಾರೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನೀರಿನ ಹಾಗೆ ಅಂದವರು ಬೆಲೆ ನೋಡಿದರು, ದೂರ ನೋಡಲಿಲ್ಲ. ಅಲ್ಲಿಯ ಒಂದು ಗ್ಯಾಲನ್ ಅಂದರೆ 3.785 ಲೀಟರ್. ನಿನ್ನ ಏರಿಯಾದಲ್ಲಿ ರೆಗ್ಯುಲರ್ 3.10 ಡಾಲರ್ ಅಂತ ಬರೆದಿದ್ದೀಯ, ಲೀಟರಿಗೆ 82 ಸೆಂಟ್ ಆಯಿತು. ಇಲ್ಲಿ ಲೀಟರ್ ನೂರು ರೂಪಾಯಿ ದಾಟಿದೆ, ಹಾಗಾಗಿ ಅಲ್ಲಿ ಕಡಿಮೆಯೇ. ಆದರೆ ಇಲ್ಲಿ ಹಾಲು, ಸೊಪ್ಪು, ಔಷಧಿ ಎಲ್ಲಾ ಕ್ರಾಸ್ ದಾಟಿದರೆ ಸಿಗುತ್ತದೆ. ಅಲ್ಲಿ ಕೊತ್ತಂಬರಿ ಸೊಪ್ಪಿಗೂ ಕಾರಿನ ಕೀ ಹುಡುಕಬೇಕು. ನಿನ್ನ ಆಫೀಸಿಗೇ ಒಂದು ಕಡೆಗೆ 22 ಮೈಲಿ, ಅಂದರೆ 35 ಕಿಲೋಮೀಟರ್. ವಾರಾಂತ್ಯದ ಓಡಾಟ ಸೇರಿಸಿದರೆ ತಿಂಗಳಿಗೆ 1200 ಮೈಲಿ ಅಂತೀಯ. ಗಾಡಿ ಕೊಡುವುದು ಗ್ಯಾಲನ್‌ಗೆ 18 ಮೈಲಿ. ನಮ್ಮ ಲೆಕ್ಕದಲ್ಲಿ ಲೀಟರಿಗೆ ಏಳೂವರೆ ಕಿಲೋಮೀಟರ್ ಚಿಲ್ಲರೆ. ನಿಮ್ಮ ಅಪ್ಪನಿಗೆ ಈ ಅಂಕಿ ಹೇಳಬೇಡ, ರಾತ್ರಿ ನಿದ್ದೆ ಮಾಡುವುದಿಲ್ಲ.

ನಿನ್ನ ಮೆಸೇಜಿನ ಕೊನೆಯಲ್ಲಿ ಒಂದು ಸಾಲಿತ್ತು ನೋಡು: “93 ಹಾಕ್ತಿದ್ದೀನಿ ಅಣ್ಣಾ. ಬೆಂಗಳೂರಲ್ಲಿ ಮಾಮೂಲಿ ಪೆಟ್ರೋಲೇ 91 ಇತ್ತು, ಇಲ್ಲಿ 87 ಅಂದ್ರೆ ಯಾವುದೋ ಕಲಬೆರಕೆ ಇರ್ಬೇಕು.” ನಿನ್ನ ದುಡ್ಡು ಹೋಗುತ್ತಿರುವುದು ಇಲ್ಲೇ. ಮುಂದಿನ ಸಲ ಪಂಪಿನ ಮೇಲಿನ ಹಳದಿ ಚೀಟಿಯನ್ನು ಹತ್ತಿರದಿಂದ ನೋಡು. ಅಂಕಿಯ ಜೊತೆಗೆ ಸಣ್ಣಕ್ಷರದಲ್ಲಿ ‘ಆರ್ ಪ್ಲಸ್ ಎಂ, ಭಾಗಿಸು ಎರಡು’ ಅಂತ ಇರುತ್ತದೆ. ಈ ಅಂಕಿಯ ಹೆಸರು ಆಕ್ಟೇನ್, ಅದನ್ನು ಅಳೆಯುವ ವಿಧಾನ ಎರಡು: ಒಂದು ರಿಸರ್ಚ್, ಇನ್ನೊಂದು ಮೋಟರ್. ನೀನು ಇಲ್ಲಿ ಕೇಳಿಕೊಂಡು ಬೆಳೆದ 91 ಬರೀ ರಿಸರ್ಚ್ ಅಂಕಿ. ಅಲ್ಲಿ ಎರಡನ್ನೂ ಕೂಡಿಸಿ ಅರ್ಧ ಮಾಡಿ ಬರೆಯುತ್ತಾರೆ. ಮೋಟರ್ ಅಂಕಿ ಕಡಿಮೆ ಬರುವುದರಿಂದ ಸರಾಸರಿಯೂ ಇಳಿಯುತ್ತದೆ. ನಮ್ಮ ಆ 91, ಅವರ 87, ಎರಡೂ ಹತ್ತಿರ ಹತ್ತಿರ ಒಂದೇ.

ಆಕ್ಟೇನ್ ಜಾಸ್ತಿ ಇದ್ದರೆ ಶಕ್ತಿ ಜಾಸ್ತಿ ಅಂತಲೂ ಅಲ್ಲ. ಇಂಜಿನ್ನಿನಲ್ಲಿ ನಾಕಿಂಗ್ ಆಗದಂತೆ, ಅಂದರೆ ಹೊತ್ತಿಗೆ ಮುಂಚೆ ತಾನಾಗಿಯೇ ಹೊತ್ತಿಕೊಂಡು ಟಕಟಕ ಅನ್ನದಂತೆ, ಪೆಟ್ರೋಲ್ ಎಷ್ಟು ತಡೆದುಕೊಳ್ಳುತ್ತದೆ ಅನ್ನುವ ಅಳತೆ ಅದು, ಅಷ್ಟೇ. ಕಾರಿನ ಮ್ಯಾನ್ಯುಯಲ್‌ನಲ್ಲಿ ಪ್ರೀಮಿಯಂ ಕಡ್ಡಾಯ ಅಂತ ಬರೆದಿದ್ದರೆ ಹಾಕು. 87 ಸಾಕು ಅಂದಿದ್ದರೆ 93 ಹಾಕುವುದು ದಂಡ. ಪ್ರೀಮಿಯಂ 4 ಡಾಲರ್ ಅಂದೆ. ನಿನಗೆ ತಿಂಗಳಿಗೆ ಬೇಕಾಗುವುದು ಸುಮಾರು 67 ಗ್ಯಾಲನ್. ಗ್ಯಾಲನ್‌ಗೆ 90 ಸೆಂಟ್ ಹಿಡಿದರೆ ತಿಂಗಳಿಗೆ 60 ಡಾಲರ್ ಸುಮ್ನೆ ಸುರಿಯುತ್ತಿದ್ದೀಯ.

ಇನ್ನು ನಾವು ಇಲ್ಲಿಂದ ಕಟ್ಟಿಕೊಂಡು ಹೋಗುವ ಅಭ್ಯಾಸಗಳು. ನಮ್ಮಪ್ಪನ ಮಾರುತಿ 800 ನಿನಗೆ ನೆನಪಿರಬಹುದು. ನಂದಿ ಬೆಟ್ಟ ಇಳಿಯುವಾಗ ಗೇರ್ ನ್ಯೂಟ್ರಲ್‌ಗೆ ಬೀಳುತ್ತಿತ್ತು. “ಪೆಟ್ರೋಲ್ ಉಳೀತು” ಅಂತ ನಗುತ್ತಿದ್ದರು, ಹಿಂದೆ ಕೂತ ಅಮ್ಮ ಕಣ್ಣು ಮುಚ್ಚಿ ಆಂಜನೇಯನ ಜಪ ಮಾಡುತ್ತಿದ್ದರು. ಅದು ಕಾರ್ಬುರೇಟರ್ (ಗಾಳಿ, ಪೆಟ್ರೋಲ್ ಬೆರೆಸುವ ಹಳೇ ಕಾಲದ ಭಾಗ) ಇದ್ದ ಗಾಡಿ, ಅಪ್ಪನ ಮಾತಿನಲ್ಲಿ ಸ್ವಲ್ಪ ನಿಜ ಇತ್ತು. ಈಗಿನ ಗಾಡಿಗಳಲ್ಲಿ ಲೆಕ್ಕ ಉಲ್ಟಾ. ಗೇರಿನಲ್ಲೇ ಇದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಗಾಡಿಯ ಕಂಪ್ಯೂಟರ್ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನೇ ನಿಲ್ಲಿಸಿಬಿಡುತ್ತದೆ, ಚಕ್ರಗಳೇ ಇಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ನಿಲ್ಲದಿರಲಿ ಅಂತ ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ಬ್ರೇಕಿಗೆ ಇಂಜಿನ್ನಿನ ಸಹಾಯವೂ ತಪ್ಪುತ್ತದೆ. ಅದನ್ನು ಬಿಟ್ಟುಬಿಡು.

ಏರ್ ಫಿಲ್ಟರ್ ಕತೆಯೂ ಹೀಗೇ. ಕಾರ್ಬುರೇಟರ್ ಕಾಲದಲ್ಲಿ ಕೊಳೆ ಫಿಲ್ಟರ್ ಮೈಲೇಜ್ ತಿನ್ನುತ್ತಿತ್ತು. ಈಗ ಗಾಡಿ ಸ್ವಲ್ಪ ಮಂಕಾಗುತ್ತದೆಯೇ ಹೊರತು ಪೆಟ್ರೋಲ್ ಖರ್ಚು ಅಷ್ಟಾಗಿ ಏರುವುದಿಲ್ಲ. ಜೆಸಿ ರೋಡಿನಿಂದ ಅಪ್ಪ ಒಂದು ಸಲ ಮೈಲೇಜ್ ಏರಲಿ ಅಂತ ಪೆಟ್ರೋಲ್ ಪೈಪಿಗೆ ಕಟ್ಟುವ ಮ್ಯಾಗ್ನೆಟ್ ತಂದಿದ್ದರು. ಕೊನೆಗೆ ಅದು ಫ್ರಿಜ್ ಬಾಗಿಲಿಗೆ ಹೋಯಿತು. ಅಲ್ಲಿಯೂ ಮಾತ್ರೆ, ಪುಡಿ, ಪ್ಲಗ್ ಅಂತ ಮಾರುತ್ತಾರೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇಂಥ ನೂರಕ್ಕೂ ಜಾಸ್ತಿ ಸಾಮಾನು ಪರೀಕ್ಷಿಸಿದೆ, ಉಪಯೋಗಕ್ಕೆ ಬಂದದ್ದು ಬೆರಳೆಣಿಕೆ.

ಸ್ಪೀಡ್ ವಿಷಯಕ್ಕೆ ಬರೋಣ, ಇದೇ ದೊಡ್ಡದು. ಹೈವೇಯಲ್ಲಿ 80ರಲ್ಲಿ ಹೋಗ್ತೀನಿ ಅಂದೆ. ಅದು ಗಂಟೆಗೆ 129 ಕಿಲೋಮೀಟರ್. ಮೈಸೂರು ಹೈವೇಯಲ್ಲಿ 100 ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ ಅಂತ ಹೆದರುತ್ತಿದ್ದವನು ನೀನೇ ತಾನೆ? 50 ಮೈಲಿ ದಾಟಿದ ಮೇಲೆ ಮೈಲೇಜ್ ಬೇಗ ಬೇಗ ಬೀಳುತ್ತದೆ. ಸ್ಪೀಡ್ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ ಇಡೀ ಅಮೆರಿಕಕ್ಕೆ 55 ಮೈಲಿಯ ಮಿತಿ ಹಾಕಿದ್ದು ಇದೇ ಕಾರಣಕ್ಕೆ. 1995ರವರೆಗೆ ರಾಷ್ಟ್ರೀಯ ಮಿತಿ ಇತ್ತು. ನೀನು 55ರಲ್ಲಿ ಹೋಗಬೇಡ, ಹಿಂದಿನ ಲಾರಿಯವನು ಬಯ್ಯುತ್ತಾನೆ. 65ರಲ್ಲಿ ಬಲಗಡೆ ಲೇನ್ ಹಿಡಿದು ಹೋಗು. 22 ಮೈಲಿಗೆ ನಾಲ್ಕು ನಿಮಿಷ ತಡ ಆಗಬಹುದು. ಸಿಲ್ಕ್ ಬೋರ್ಡ್‌ನಲ್ಲಿ ಒಂದೊಂದು ಸಿಗ್ನಲ್ಲಿಗೆ ಅದಕ್ಕಿಂತ ಜಾಸ್ತಿ ಕಾದಿದ್ದೀವಿ, ಅಲ್ವಾ?

ಸಿಲ್ಕ್ ಬೋರ್ಡ್‌ನಲ್ಲಿ ಇಂಜಿನ್ ಆಫ್ ಮಾಡಿ ಕಾಯುತ್ತಿದ್ದ ಅಭ್ಯಾಸ ಮಾತ್ರ ಇಟ್ಟುಕೋ. ನಿಂತಲ್ಲಿ ಇಂಜಿನ್ ಓಡಿಸುವುದು ಗಂಟೆಗೆ ಕಾಲಿನಿಂದ ಅರ್ಧ ಗ್ಯಾಲನ್ ಕುಡಿಯುತ್ತದೆ. ಸಿಗ್ನಲ್ಲಿನಲ್ಲಿ ಆಫ್ ಮಾಡು ಅನ್ನುತ್ತಿಲ್ಲ. ಯಾರನ್ನೋ ಕರೆದುಕೊಂಡು ಬರಲು ಹೋಗಿ ಕಾಯುವಾಗ ಆಫ್ ಮಾಡು. ನಾನು ಮೊದಲ ಚಳಿಗಾಲದಲ್ಲಿ ದಿನಾ ಬೆಳಗ್ಗೆ ಹದಿನೈದು ನಿಮಿಷ ಕಾರು ಸ್ಟಾರ್ಟ್ ಮಾಡಿಟ್ಟು ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದೆ, ಇಂಜಿನ್ ಬಿಸಿ ಆಗಲಿ ಅಂತ. ಒಂದು ದಿನ ಪಕ್ಕದ ಮನೆಯ ಅಜ್ಜ ಕಿಟಕಿ ತಟ್ಟಿ ಕೇಳಿಯೇಬಿಟ್ಟ, ಮರೆತು ಬಂದ್ಯಾ ಅಂತ. ಅರ್ಧ ನಿಮಿಷ ಸಾಕು. ನಿಧಾನಕ್ಕೆ ಓಡಿಸಿದರೆ ಇಂಜಿನ್ ಬೇಗ ಬಿಸಿಯಾಗುತ್ತದೆ. ಗಾಜಿನ ಮೇಲಿನ ಐಸ್ ಮಾತ್ರ ಪೂರ್ತಿ ಕೆರೆದು ಹೊರಡು.

ಚಳಿ ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ಕುದುರೆ ಲಾಳದ ಆಕಾರದ ಹಳದಿ ದೀಪವೊಂದು ಹತ್ತಿಕೊಳ್ಳುತ್ತದೆ. ಗಾಬರಿ ಬೇಡ. ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಟೈರಿನ ಗಾಳಿ ಸುಮಾರು ಒಂದು ಪಾಯಿಂಟ್ ಇಳಿಯುತ್ತದೆ. ದೀಪ ಹತ್ತುವವರೆಗೂ ಕಾಯಬೇಡ, ಕಾಲು ಭಾಗ ಗಾಳಿ ಹೋದ ಮೇಲೆ ಹತ್ತುವ ದೀಪ ಅದು. ಎಷ್ಟು ಗಾಳಿ ಅನ್ನುವುದು ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್ ಮೇಲಿದೆ. ಟೈರಿನ ಮೈಮೇಲೆ ಇರುವುದು ಅದು ತಡೆಯುವ ಗರಿಷ್ಠ, ಅದನ್ನು ತುಂಬಬೇಡ. ಇಲ್ಲಿ ಬಂಕಿನ ಹುಡುಗನಿಗೆ ಹತ್ತು ರೂಪಾಯಿ ಕೊಟ್ಟರೆ ನಾಲ್ಕೂ ಟೈರ್ ನೋಡುತ್ತಾನೆ. ಅಲ್ಲಿ ಎಷ್ಟೋ ಕಡೆ ಮೆಷಿನ್‌ಗೆ ಕಾಸು ಹಾಕಿ, ನೀನೇ ಮೊಣಕಾಲೂರಿ ಹಿಡಿಯಬೇಕು. ಒಂದು ಗೇಜ್ ತೆಗೆದಿಟ್ಟುಕೋ.

ಅಗ್ಗದ ಬಂಕ್ ಹುಡುಕುವ ಹುಚ್ಚು ಜಾಸ್ತಿ ಬೇಡ. ಹೇಗೂ ಕ್ರೋಗರ್‌ನಲ್ಲಿ ದಿನಸಿ ತರುತ್ತೀಯಲ್ಲ, ಫೋನ್ ನಂಬರ್ ಹೊಡೆದು ಪಾಯಿಂಟ್ ಹಾಕಿಸಿಕೋ. 100 ಪಾಯಿಂಟಿಗೆ ಅವರ ಬಂಕಿನಲ್ಲಿ ಗ್ಯಾಲನ್ ಮೇಲೆ 10 ಸೆಂಟ್ ಕಡಿಮೆ. ಕಾಸ್ಟ್‌ಕೋ ಅಂಗಡಿಯ ಸದಸ್ಯತ್ವದ ಕಾರ್ಡ್ ಇದ್ದರೆ ಸರಿ, ಪೆಟ್ರೋಲಿಗೋಸ್ಕರ ಮಾಡಿಸಬೇಡ. ಐದು ಸೆಂಟ್ ಉಳಿಸಲು ಅರ್ಧ ಗಂಟೆ ಸಾಲಿನಲ್ಲಿ ಇಂಜಿನ್ ಓಡಿಸಿಕೊಂಡು ನಿಂತವರನ್ನು ನೋಡಿದ್ದೇನೆ.

ಗಾಡಿ ಬದಲಾಯಿಸಲಾ ಅಂತಲೂ ಕೇಳಿದ್ದೀಯ. ಹೈಬ್ರಿಡ್ ಒಂದೇ ದಾರಿ ಅಂದುಕೊಳ್ಳಬೇಡ. 18 ಕೊಡುವ ಗಾಡಿ ಬಿಟ್ಟು 25 ಕೊಡುವುದನ್ನು ತೆಗೆದುಕೊಂಡರೆ ನಿನ್ನ 1200 ಮೈಲಿಗೆ 19 ಗ್ಯಾಲನ್ ಉಳಿಯುತ್ತದೆ. 25ರಿಂದ 45ಕ್ಕೆ ಹಾರಿದರೆ ಮತ್ತೆ ಉಳಿಯುವುದು 21, ಅಷ್ಟೇ. ಮೊದಲ ಏಳು ಮೈಲಿ, ಆಮೇಲಿನ ಇಪ್ಪತ್ತಕ್ಕೆ ಹೆಚ್ಚುಕಡಿಮೆ ಸಮ ಆಯಿತು. ಒಂದು ವರ್ಷ ಆಗಲಿ, ಕ್ರೆಡಿಟ್ ಸ್ಕೋರ್ ಏಳಲಿ, ಹಳೆಯ ಸಣ್ಣ ಸೆಡಾನ್ ನೋಡೋಣ. ಅಥವಾ ಮನೆಯ ಲೀಸ್ ಮುಗಿದಾಗ ಆಫೀಸಿನ ಹತ್ತಿರ ಮನೆ ಮಾಡು. ಬಾಡಿಗೆ 50 ಡಾಲರ್ ಜಾಸ್ತಿ ಆದರೂ ಲೆಕ್ಕ ಹಾಕಿ ನೋಡು.

ಲೆಕ್ಕ ಅಂದೆನಲ್ಲ. ನಿನ್ನೆ ಅಪ್ಪನ ಬೀರು ತೆಗೆದಾಗ ಮಾರುತಿಯ ಡೈರಿ ಸಿಕ್ಕಿತು. ಅಂಗೈಯಷ್ಟು ಅಗಲ, ಅಂಚಿಗೆ ಗ್ರೀಸ್ ಕಲೆ. ಪ್ರತಿ ಸಲ ಟ್ಯಾಂಕ್ ಫುಲ್ ಮಾಡಿಸಿದಾಗ ತಾರೀಕು, ಕಿಲೋಮೀಟರ್, ಲೀಟರ್, ಪಕ್ಕದಲ್ಲಿ ಭಾಗಾಕಾರ. ಒಂದು ಕಡೆ ಅಂಕಿ ದಿಢೀರ್ ಇಳಿದಿದೆ, ಕೆಳಗೆ ಪೆನ್ಸಿಲ್‌ನಲ್ಲಿ ‘ಬ್ರೇಕ್ ಹಿಡೀತಿದೆ’ ಅಂತಿದೆ. ನೀನೂ ಫೋನಿನಲ್ಲಿ ಇದನ್ನೇ ಬರೆದಿಡು. ಫುಲ್ ಮಾಡು, ಓಡಿಸು, ಮತ್ತೆ ಫುಲ್ ಮಾಡು, ಮೈಲಿಯನ್ನು ಗ್ಯಾಲನ್‌ನಿಂದ ಭಾಗಿಸು. ಡ್ಯಾಶ್‌ಬೋರ್ಡ್ ತೋರಿಸುವುದು ಎಷ್ಟೋ ಸಲ ಹೊಗಳಿಕೆ.

ಇನ್ನೊಂದು. ನೀನು ಕಳಿಸಿದ ಕಾರಿನ ಫೋಟೋದಲ್ಲಿ ಚಾವಣಿ ಮೇಲೆ ಸಾಮಾನು ಇಡುವ ಕರಿ ಡಬ್ಬ ಕಾಣಿಸಿತು. ಹಳೇ ಮಾಲೀಕ ಫ್ರೀ ಕೊಟ್ಟ ಅಂತ ಖುಷಿಯಾಗಿದ್ದೀಯ. ಖಾಲಿ ಡಬ್ಬವೂ ಹೈವೇಯಲ್ಲಿ 10ರಿಂದ 25 ಪರ್ಸೆಂಟ್ ಮೈಲೇಜ್ ತಿನ್ನಬಹುದು. ನಾನು ಮುಂದಿನ ಶನಿವಾರ ವಾಪಸ್ ಬರುತ್ತಿದ್ದೇನೆ. ನಿಮ್ಮ ಅಮ್ಮ ಎರಡು ಕೆಜಿ ಚಟ್ನಿಪುಡಿ, ಒಂದು ಡಬ್ಬ ಕೋಡುಬಳೆ ಕೊಟ್ಟಿದ್ದಾರೆ. ಏರ್‌ಪೋರ್ಟಿಗೆ ಬರುವುದಾದರೆ ಆ ಕರಿ ಡಬ್ಬ ಬಿಚ್ಚಿಟ್ಟು ಬಾ, ಕೋಡುಬಳೆ ಹಿಂದಿನ ಸೀಟಿನಲ್ಲೇ ಹಿಡಿಯುತ್ತದೆ.