ಎತ್ತರಿಸಿದ ಪಿಕಪ್‌ಗೆ ದೊಡ್ಡ ಮುಂದಿನ ಡಿಫರೆನ್ಷಿಯಲ್ ಹಾಕಿಸಬಹುದೇ?

ಮೂರು ಇಂಚು ಎತ್ತರಿಸಿ, 29 ಇಂಚಿನ ಟಯರ್ ತೆಗೆದು 33 ಇಂಚಿನದನ್ನು ಹಾಕಿಸಿರುವ ತಮ್ಮ ಹಳೆಯ ಜೀಪ್ ಮಾದರಿಯ ಫೋರ್‌ವ್ಹೀಲ್ ಪಿಕಪ್‌ನಲ್ಲಿ ಮುಂದಿನ ಡಿಫರೆನ್ಷಿಯಲ್‌ನ (ಎಂಜಿನ್ ಬಲವನ್ನು ಎರಡೂ ಬದಿಯ ಚಕ್ರಗಳಿಗೆ ಹಂಚುವ ಗೇರ್ ಭಾಗ) ಕ್ರೌನ್ ಪಿನಿಯನ್, ಅಂದರೆ ದೊಡ್ಡ ಹಲ್ಲುಚಕ್ರ ಮತ್ತು ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರದ ಜೋಡಿ, ಎರಡು ಬಾರಿ ಮುರಿದಿದೆ, ಈಗಿರುವ ಡಾನಾ 30 ಆಕ್ಸಲ್ ತೆಗೆದು ಅದಕ್ಕಿಂತ ದೊಡ್ಡದಾದ ಡಾನಾ 44 ಕೂರಿಸಬಹುದೇ ಎಂದು ಕೇಳಿದ್ದೀರಿ. ಕೂರಿಸಬಹುದು. ಟೇಕಲ್ ಸುತ್ತಲಿನ ಕಲ್ಲು ಕ್ವಾರಿಗಳಿಗೆ ಓಡಾಡುವ ಗಾಡಿಗಳನ್ನು ಕೋಲಾರದಲ್ಲಿ ರಿಪೇರಿ ಮಾಡಿಕೊಂಡು ಬಂದಿರುವ ನಾನು ಈ ಕೆಲಸವನ್ನು ಮಾಡಿದ್ದೇನೆ. ಒಮ್ಮೆ ತಪ್ಪಾಗಿಯೂ ಮಾಡಿದ್ದೇನೆ.

ಡಾನಾ 30ರ ಕ್ರೌನ್ ಸುಮಾರು 7.2 ಇಂಚು, 44ರದು 8.5 ಇಂಚು. ಬಲ ಹೆಚ್ಚುವುದು ನಿಜ. ಆದರೆ ರೇಷಿಯೊ (ಕ್ರೌನ್‌ನ ಹಲ್ಲುಗಳನ್ನು ಪಿನಿಯನ್‌ನ ಹಲ್ಲುಗಳಿಂದ ಭಾಗಿಸಿದರೆ ಬರುವ ಸಂಖ್ಯೆ) ಹಾಗೆಯೇ ಉಳಿದರೆ ದೊಡ್ಡ ಟಯರ್ ಎಳೆಯಲು ಎಂಜಿನ್ ಮತ್ತು ಕ್ಲಚ್ ಒದ್ದಾಡುವುದು ನಿಲ್ಲುವುದಿಲ್ಲ. ತಮ್ಮ ಗಾಡಿಯದು 4.10 ಆಗಿದ್ದರೆ ಅದನ್ನು 33ರಿಂದ ಗುಣಿಸಿ 29ರಿಂದ ಭಾಗಿಸಿ; 4.67 ಬರುತ್ತದೆ. ಹತ್ತಿರದಲ್ಲಿ ಸಿಗುವವು 4.56 ಮತ್ತು 4.88. ಭಾರ ಹೊತ್ತು ದಿಣ್ಣೆ ಹತ್ತುವ ಗಾಡಿಗೆ ನಾನು 4.88 ಆರಿಸುತ್ತೇನೆ. ಯಾವುದನ್ನು ಆರಿಸಿದರೂ ಹಿಂದಿನ ಹೌಸಿಂಗ್‌ಗೂ (ಡಿಫರೆನ್ಷಿಯಲ್ ಕೂರುವ ಆಕ್ಸಲ್ ಕವಚ) ಅದೇ ರೇಷಿಯೊ ಹಾಕಿಸಲೇಬೇಕು, ಆದ್ದರಿಂದ ಖರ್ಚನ್ನು ಎರಡೂ ಕಡೆಗೆ ಸೇರಿಸಿ ಲೆಕ್ಕ ಹಾಕಿಕೊಳ್ಳಿ.

ನಾನು ಎಡವಿದ್ದು ಇಲ್ಲಿಯೇ. ಗುಜರಿಯಿಂದ ತಂದ ಹೌಸಿಂಗ್ ಮೇಲೆ ಸೀಮೆಸುಣ್ಣದಲ್ಲಿ 4.56 ಎಂದು ಬರೆದಿತ್ತು, ಗಾಡಿಯ ಹಿಂದಿನ ಆಕ್ಸಲ್‌ನದೂ 4.56 ಆಗಿತ್ತು, ನಾನು ಕವರ್ ಬಿಚ್ಚಿ ನೋಡಲಿಲ್ಲ. ಒಳಗಿದ್ದದ್ದು 39 ಹಲ್ಲಿನ ಕ್ರೌನ್, 8 ಹಲ್ಲಿನ ಪಿನಿಯನ್, ಅಂದರೆ 4.88. ಹಾಗಾದಾಗ ಹಿಂದಿನ ಚಕ್ರ 100 ಮೀಟರ್ ಸಾಗುವಷ್ಟರಲ್ಲಿ ಮುಂದಿನದು ಸುಮಾರು 93 ಮೀಟರಿಗೆ ಸಾಲುವಷ್ಟು ಮಾತ್ರ ತಿರುಗುತ್ತದೆ. ಕೆಸರಿನಲ್ಲಿ ಚಕ್ರ ಜಾರಿ ಈ ವ್ಯತ್ಯಾಸ ಕರಗುತ್ತದೆ. ಒಣ ನೆಲದಲ್ಲಿ ಆ ಬಿಗಿತವೆಲ್ಲ ಶಾಫ್ಟು ಮತ್ತು ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನೊಳಗೆ ಸಿಕ್ಕಿಕೊಳ್ಳುತ್ತದೆ. ಆ ಗಾಡಿಯ ಫೋರ್‌ವ್ಹೀಲ್ ಲಿವರ್ ಕದಲದೆ, ಕೊನೆಗೆ ಮುಂದಿನ ಒಂದು ಚಕ್ರವನ್ನು ಜಾಕ್ ಹಾಕಿ ಎತ್ತಿದ ಮೇಲೆ ಸಡಿಲವಾಯಿತು. ಮಾರುವವರು ಏನೇ ಹೇಳಲಿ, ಕವರ್ ತೆಗೆಸಿ ಹಲ್ಲುಗಳನ್ನು ತಾವೇ ಎಣಿಸಿ.

ಅಗ್ಗಕ್ಕೆ ಸಿಕ್ಕಿತೆಂದು ಹಿಂದಿನ ಆಕ್ಸಲ್‌ನ ಕ್ರೌನ್ ಸೆಟ್ಟನ್ನು ಮುಂದೆ ಬಳಸುವವರಿದ್ದಾರೆ. ಆಗ ಗಾಡಿ ಮುಂದಕ್ಕೆ ಎಳೆಯುವಾಗ ಭಾರ ಬೀಳುವುದು ಹಲ್ಲಿನ ದುರ್ಬಲ ಬದಿಯ ಮೇಲೆ. ಪಿನಿಯನ್ ಮೇಲ್ಮಟ್ಟದಲ್ಲಿದ್ದು ಹಲ್ಲು ತಿರುಗುಮುರುಗಾಗಿ ಕತ್ತರಿಸಿರುವ, ಮುಂದಿನ ಆಕ್ಸಲ್‌ಗೆಂದೇ ಮಾಡಿದ ಸೆಟ್ ಸಿಕ್ಕರೆ ಅದನ್ನೇ ಕೊಳ್ಳಿ. ಎತ್ತರಿಸಿದ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸಿನಿಂದ ಆಕ್ಸಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟಿನ ಇಳಿಜಾರೂ ಅದರಿಂದ ಕಡಿಮೆಯಾಗುತ್ತದೆ.

ಹೌಸಿಂಗ್‌ನಲ್ಲಿ ಕ್ರೌನ್ ಕೂರುವ ಉಬ್ಬು ಟ್ರಾನ್ಸ್‌ಫರ್ ಕೇಸಿನಿಂದ ಶಾಫ್ಟ್ ಹೊರಡುವ ಬದಿಯಲ್ಲೇ ಇರಬೇಕು. ಸ್ಪ್ರಿಂಗ್ ಕೂರುವ ಪ್ಯಾಡುಗಳನ್ನು ವೆಲ್ಡ್ ಮಾಡುವ ಮುನ್ನ ಗಾಡಿಯ ಪೂರ್ತಿ ಭಾರವನ್ನು ಚಕ್ರಗಳ ಮೇಲೆ ಬಿಟ್ಟು, ಪಿನಿಯನ್ ಕೋನ ಮತ್ತು ಕ್ಯಾಸ್ಟರ್ (ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಎರಡನ್ನೂ ಅಳೆಸಿ. ಪಿನಿಯನ್ನನ್ನು ಹೆಚ್ಚು ಮೇಲಕ್ಕೆತ್ತಿದರೆ ಕ್ಯಾಸ್ಟರ್ ಕಳೆದು ಸ್ಟೇರಿಂಗ್ ನೇರ ನಿಲ್ಲುವುದಿಲ್ಲ; ಹೆದ್ದಾರಿಯಲ್ಲಿ ಅದು ಪ್ರಾಣಕ್ಕೆ ಅಪಾಯ. ಚಕ್ರದ ಸ್ಟಡ್‌ಗಳ ಅಳತೆ, ಬ್ರೇಕ್ ಹೋಸ್‌ಗಳ ಉದ್ದ ಇವನ್ನೂ ನೋಡಿಕೊಳ್ಳಿ.

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಹ ಇದನ್ನೇ ಎತ್ತಿಹಿಡಿದಿದೆ. ಎತ್ತರ ಮತ್ತು ಟಯರ್ ಬದಲಿಸಿರುವ ತಾವು ಹಣ ಹಾಕುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಜೋಡಣೆಯನ್ನು ಸೂಕ್ಷ್ಮ ಅಳತೆಯ ಡಯಲ್ ಗೇಜ್ ಇಟ್ಟುಕೊಂಡಿರುವವರಿಗೇ ಕೊಡಿ. ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಅಳೆದು, ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ ಗುರುತು ಹಲ್ಲಿನ ನಡುವೆ ಬಿದ್ದಿರುವುದನ್ನು ತಮಗೆ ತೋರಿಸಲಿ. ಮೊದಲ 800 ಕಿ.ಮೀ. ಭಾರ ಹೇರದೆ ಓಡಿಸಿ, ಆಮೇಲೆ ಎಣ್ಣೆ ಬದಲಿಸಿ. ಹೊರಬಂದ ಎಣ್ಣೆಯಲ್ಲಿ ನುಣ್ಣನೆಯ ಲೋಹದ ಪುಡಿ ಇದ್ದರೆ ಚಿಂತೆಯಿಲ್ಲ, ಚೂರುಗಳು ಕಂಡರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ ಕವರ್ ಬಿಚ್ಚಿಸಿ.